ಬಾಯಲ್ಲಿ ಹೇಳಿ, ಕೈ ನಂದಿದೆ

ಚಿಕ್ಕಮ್ಮನ ಬಲಗಿವಿಯ ಹಾಲೆ ಹರಿದು ಎರಡು ಸೀಳಾಗಿತ್ತು. ಗಾಯ ಹಾಗೆಯೇ ಮಾಗಿಹೋಗಿದ್ದರಿಂದ ಅಲ್ಲಿ ವಾಲೆ ನಿಲ್ಲುತ್ತಿರಲಿಲ್ಲ. ಅವಳು ಕಿವಿಯ ಸುತ್ತ ಒಂದು ಕರಿ ದಾರ ಹಾಕಿಕೊಂಡು ಅದಕ್ಕೆ ವಾಲೆ ಕಟ್ಟುತ್ತಿದ್ದಳು. ಬಗ್ಗಿ ಒಲೆ ಊದುವಾಗ ಎಡಗಡೆಯ ವಾಲೆ ಸುಮ್ಮನಿರುತ್ತಿತ್ತು, ಬಲಗಡೆಯದು ಮಾತ್ರ ದಾರದ ಸಮೇತ ಓಲಾಡಿ ಕೆನ್ನೆಗೆ ತಾಗುತ್ತಿತ್ತು. ಚಿಕ್ಕವಳಿದ್ದಾಗ ಕರುವಿನ ಹಗ್ಗಕ್ಕೆ ಸಿಕ್ಕಿ ಹರಿದದ್ದಂತೆ. ಕ್ವಾರ್ಟರ್ಸಿನ ಹೆಂಗಸರು ಯಾರಾದರೂ ನೋಡಿ ಮರುಗಿದರೆ, "ಹರೀತು, ಏನ್ಮಾಡೋದು. ಕಿವಿ ಕೇಳ್ಸುತ್ತಲ್ಲ, ಅಷ್ಟು ಸಾಕು" ಎನ್ನುತ್ತಿದ್ದಳು. ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು.

ಅವಳು ನಮ್ಮಪ್ಪನ ಎರಡನೆಯ ಹೆಂಡತಿ. ಐವತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದಳು. ಆಗ ನನಗೆ ಹತ್ತು ವರ್ಷ, ನನ್ನ ತಂಗಿಗೆ ಐದು. ನಾವಿದ್ದದ್ದು ಭದ್ರಾವತಿಯ ನ್ಯೂ ಟೌನಿನಲ್ಲಿ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಕಡೆ ಕೆಲಸಕ್ಕಿದ್ದರು. ಸೈರನ್ನು ಕೂಗಿದರೆ ಹೋಗುತ್ತಿದ್ದರು, ಕೂಗಿದರೆ ಬರುತ್ತಿದ್ದರು. ಅಮ್ಮ ಹೋದ ಮೇಲೆ ಅವರ ದಿನಚರಿಯಲ್ಲಿ ಉಳಿದದ್ದು ಅದೊಂದೇ.

ಅಮ್ಮ ತೀರಿಕೊಂಡದ್ದು ಹಿಂದಿನ ವರ್ಷ, ದೀಪಾವಳಿಗೆ ಸ್ವಲ್ಪ ಮುಂಚೆ. ಹಬ್ಬಕ್ಕೆಂದು ಒಂದು ದೊಡ್ಡ ತಗಡಿನ ಡಬ್ಬಿ ತುಂಬ ಕರ್ಜಿಕಾಯಿ ಕರಿದಿಟ್ಟಿದ್ದಳು. ಅಂದು ಸಂಜೆ ಬೆನ್ನು ನೋಯುತ್ತದೆ ಎಂದು ಮಲಗಿದಳು. ಜ್ವರ ಬಂತು. ಡಾಕ್ಟರು ಬಂದರು, ಔಷಧಿ ಬಂತು, ಶಿವಮೊಗ್ಗದಿಂದ ಅಜ್ಜ ಅಜ್ಜಿ ಬಂದರು. ಜ್ವರ ಇಳಿಯಲಿಲ್ಲ. ಹಬ್ಬದ ದಿನ ಬೀದಿಯ ಮಕ್ಕಳು ಪಟಾಕಿ ಹಚ್ಚುತ್ತಿದ್ದಾಗ ನಮ್ಮ ಮನೆಯಲ್ಲಿ ನೆಂಟರು ಚಾಪೆಯ ಮೇಲೆ ಕೂತು ಮಣ್ಣು ಮಾಡಿದ ದಿನದಿಂದ ತಿಥಿಯ ಲೆಕ್ಕ ಹಾಕುತ್ತಿದ್ದರು. ನಮ್ಮ ಒಲೆ ಹತ್ತಿರಲಿಲ್ಲ. ಪಕ್ಕದ ಮನೆಯ ತಮಿಳರ ಮಾಮಿ ಎರಡು ಹೊತ್ತೂ ಅನ್ನ ರಸಂ ತಂದಿಟ್ಟು ಹೋಗುತ್ತಿದ್ದರು. ಅವರ ಮನೆಯಲ್ಲೂ ಹಬ್ಬವಿತ್ತು, ಆದರೆ ನಮ್ಮ ಮನೆಗೆ ಬರುವಾಗ ಹಳೆಯ ಸೀರೆ ಉಟ್ಟುಕೊಂಡು ಬರುತ್ತಿದ್ದರು.

ಆ ಡಬ್ಬಿಯನ್ನು ಯಾರೂ ತೆರೆಯಲಿಲ್ಲ. ಸಾವಿನ ಮನೆಯಲ್ಲಿ ಹಬ್ಬದ ತಿಂಡಿ ತಿನ್ನುವಂತಿರಲಿಲ್ಲ, ಅವಳ ಕೈಯಲ್ಲಿ ಮಾಡಿದ್ದನ್ನು ಬಿಸಾಡುವಂತೆಯೂ ಇರಲಿಲ್ಲ. ಯಾರೋ ಅದನ್ನು ಅಟ್ಟದ ಮೇಲೆ ಎತ್ತಿಟ್ಟರು. ಆಮೇಲೆ ಅದು ಅಲ್ಲಿಯೇ ಇತ್ತು.

ನಾನು ಅತ್ತ ನೆನಪಿಲ್ಲ. ಅಪ್ಪ ಅತ್ತದ್ದನ್ನೂ ನೋಡಲಿಲ್ಲ. ಬೆಳಿಗ್ಗೆ ಏಳುವುದು, ಬಾವಿಕಟ್ಟೆಯ ಹತ್ತಿರ ಮುಖ ತೊಳೆಯುವುದು, ಶಾಲೆಗೆ ಹೋಗುವುದು, ಬರುವುದು. ಚಳಿಗಾಲದಲ್ಲಿ ಬೆರಳು ಮರಗಟ್ಟಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಮನೆಯೆಲ್ಲ ಹಾಗಿತ್ತು. ತಂಗಿ ಊಟ ಬಿಟ್ಟಳು. ಹಠ ಮಾಡಿ ಬಿಟ್ಟದ್ದಲ್ಲ. ಹಾಲು ಅನ್ನ ಕಲಸಿ ಕೊಟ್ಟರೆ ನಾಲ್ಕು ತುತ್ತು ತಿನ್ನುತ್ತಿದ್ದಳು, ಬೇರೆ ಏನು ಬಾಯಿಗೆ ತಂದರೂ ತುಟಿ ಮುಚ್ಚಿಕೊಂಡು ಬೇರೆ ಕಡೆ ನೋಡುತ್ತಿದ್ದಳು. ಡಾಕ್ಟರು ಟಾನಿಕ್ ಬರೆದುಕೊಟ್ಟರು. ಅದನ್ನು ಕುಡಿದಳು. ದಿನದಿನಕ್ಕೆ ತೆಳ್ಳಗಾದಳು.

ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದ ಅಜ್ಜಿ, ಅಂದರೆ ಅಮ್ಮನ ತಾಯಿ, ತಿಥಿ ಮುಗಿಸಿಕೊಂಡು ಹೋಗುವಾಗ ಹೊಸ್ತಿಲಲ್ಲಿ ನಿಂತು, ಇನ್ನು ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದಿದ್ದಳು. ಅಮ್ಮ ಅವಳ ಒಬ್ಬಳೇ ಮಗಳು. ಅಪ್ಪನ ಮೇಲೆ ಸಿಟ್ಟಿನಿಂದ ಹೇಳಿದ್ದಲ್ಲ. ಮೆಟ್ಟಿಲು ಹತ್ತಲು ಅವಳಿಗೆ ಆಗುತ್ತಿರಲಿಲ್ಲ, ಅಷ್ಟೇ.

ನೆಂಟರು ಅಪ್ಪನಿಗೆ ಮತ್ತೆ ಮದುವೆ ಮಾಡಲು ಅವಸರ ಮಾಡಿದರು. ಸಾವಾದ ವರ್ಷದೊಳಗೆ ಆದರೆ ಆಯಿತು, ಇಲ್ಲದಿದ್ದರೆ ಮೂರು ವರ್ಷ ಕಾಯಬೇಕು, ಇಬ್ಬರು ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಯಾವ ಶಿಫ್ಟಿಗೆ ಹೋಗುತ್ತೀಯ ಎಂದರು. ಅಪ್ಪ ಆಗಲಿ ಎಂದರು. ಹೊಳೆಹೊನ್ನೂರಿನ ಕಡೆಯ ಒಂದು ಹೆಣ್ಣು ಗೊತ್ತಾಯಿತು. ತಂದೆ ತಾಯಿ ಇಲ್ಲದವಳು, ಸೋದರಮಾವನ ಮನೆಯಲ್ಲಿ ದುಡಿದುಕೊಂಡು ಬೆಳೆದವಳು, ಇಪ್ಪತ್ತೈದು ದಾಟಿದರೂ ಹರಿದ ಕಿವಿಯ ನೆಪಕ್ಕೆ ಯಾರೂ ಒಪ್ಪದೆ ಉಳಿದವಳು. ಮಠದಲ್ಲಿ ಹತ್ತು ಜನರ ಮುಂದೆ ಮದುವೆಯಾಯಿತು. ಧಾರೆ ಎರೆದ ಮಾವ ಊಟ ಮುಗಿಸಿ ಬಸ್ಸು ಹತ್ತಿದವನು ಮತ್ತೆ ನಮ್ಮ ಕಡೆ ತಲೆ ಹಾಕಲಿಲ್ಲ.

ಬಂದ ಮೊದಲ ದಿನ ಚಿಕ್ಕಮ್ಮ ಅಡುಗೆಮನೆಯಲ್ಲಿ ನಿಂತು ನನ್ನನ್ನು ಕರೆದಳು. ಒಂದೊಂದೇ ಪಾತ್ರೆ ಎತ್ತಿ ತೋರಿಸಿ, "ಇದು ಯಾವುದಕ್ಕೆ ಇಟ್ಕೊಂಡಿದ್ರು ನಿಮ್ಮಮ್ಮ?" ಎಂದು ಕೇಳಿದಳು. ಹಾಲಿಗೆ ಎಂದರೆ ಹಾಲಿಗೆ, ಸಾರಿಗೆ ಎಂದರೆ ಸಾರಿಗೆ. ಅಮ್ಮ ಇಟ್ಟ ಕಡೆಯೇ ಇಟ್ಟಳು. ಅಮ್ಮನ ಟ್ರಂಕನ್ನು ಮುಟ್ಟಲಿಲ್ಲ. ಅಮ್ಮನನ್ನು ಅವಳು ಕಂಡವಳಲ್ಲ, ಆದರೂ ಮಾತಿನಲ್ಲಿ ಬಂದಾಗಲೆಲ್ಲ 'ಅಕ್ಕ' ಎನ್ನುತ್ತಿದ್ದಳು. ನಮ್ಮನ್ನು ಮುದ್ದು ಮಾಡುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ತಲೆ ಬಾಚುವಾಗ ಅವಳ ಕೈ ಗಟ್ಟಿಯಾಗಿತ್ತು, ಹೊಲದ ಕೆಲಸ ಮಾಡಿದ ಕೈ. ನೋವಾಯಿತೇ ಎಂದು ಕೇಳುತ್ತಿದ್ದಳು, ಇಲ್ಲವೆಂದರೆ ಮತ್ತೆ ಬಾಚುತ್ತಿದ್ದಳು.

ತಂಗಿಗೆ ಉಣ್ಣಿಸಲು ಅವಳಿಗೂ ಸಾಧ್ಯವಾಗಲಿಲ್ಲ. ಅಕ್ಕಿ ರೊಟ್ಟಿ ತಟ್ಟಿ ಬೆಣ್ಣೆ ಹಚ್ಚಿ ಕೊಟ್ಟಳು, ಹೆಸರುಬೇಳೆ ಪಾಯಸ ಮಾಡಿದಳು. ತಂಗಿ ತುಟಿ ಮುಚ್ಚಿಕೊಂಡು ಕಿಟಕಿ ನೋಡುತ್ತಿದ್ದಳು. ಚಿಕ್ಕಮ್ಮ ಬಲವಂತ ಮಾಡದೆ ತಟ್ಟೆ ತೆಗೆದಿಡುತ್ತಿದ್ದಳು. ಆಮೇಲೆ ಒಂದು ಮಂಡಿ ಎತ್ತಿಕೊಂಡು ಕೂತು, ಆ ತಟ್ಟೆಯಲ್ಲಿದ್ದದ್ದನ್ನೇ ತಾನು ಉಣ್ಣುತ್ತಿದ್ದಳು.

ನವರಾತ್ರಿಗೆ ಮುಂಚೆ ಮನೆ ಗುಡಿಸಿ ಸಾರಿಸುವಾಗ ಅಟ್ಟ ಹತ್ತಿದಳು. ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದ ಕೂಡಲೇ ಜಿಡ್ಡು ಕಮಟಿದ ವಾಸನೆ ಕೆಳಗಿದ್ದ ನನ್ನವರೆಗೂ ಬಂತು. ಇದೇನು ಎಂದು ಕೇಳಿದಳು. ಹೇಳಿದೆ. ಹೇಳುವಾಗಲೂ ನನಗೆ ಏನೂ ಅನ್ನಿಸಲಿಲ್ಲ, ಶಾಲೆಯಲ್ಲಿ ಪಾಠ ಒಪ್ಪಿಸಿದಂತೆ ಹೇಳಿದೆ. ಅವಳು ಒಂದು ಕರ್ಜಿಕಾಯಿಯನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಕೆಳಗಿಳಿದು ಬಾಗಿಲ ಬೆಳಕಿಗೆ ಹಿಡಿದಳು. ಎಲ್ಲರ ಮನೆಯಲ್ಲೂ ಕರ್ಜಿಕಾಯಿಯ ಅಂಚನ್ನು ಹಲ್ಲಿನ ಚಕ್ರದಿಂದ ಕತ್ತರಿಸುತ್ತಾರೆ. ಅಮ್ಮ ಹಾಗೆ ಮಾಡುತ್ತಿರಲಿಲ್ಲ. ಬೆರಳಲ್ಲೇ ಮಡಿಸಿ ಮಡಿಸಿ, ಸಣ್ಣ ಜಡೆ ಹೆಣೆದಂತೆ ಅಂಚು ಕಟ್ಟುತ್ತಿದ್ದಳು. ಚಿಕ್ಕಮ್ಮ ಆ ಅಂಚನ್ನು ತುಂಬ ಹೊತ್ತು ನೋಡಿದಳು.

"ಇದನ್ನ ಅಕ್ಕ ಎಲ್ಲಿ ಕಲ್ತಿದ್ರು?"

ಅಜ್ಜಿಯ ಹತ್ತಿರ ಎಂದೆ. ಅವಳು ಕರ್ಜಿಕಾಯಿಯನ್ನು ಡಬ್ಬಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ, ಡಬ್ಬಿಯನ್ನು ಇದ್ದಲ್ಲಿಗೇ ಇಟ್ಟುಬಂದಳು.

ಅಂದು ಅಪ್ಪ ಊಟಕ್ಕೆ ಕೂತಾಗ, ದಸರಾ ರಜಕ್ಕೆ ಮಕ್ಕಳನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದಳು. ಅಪ್ಪನ ಕೈ ತಟ್ಟೆಯಲ್ಲಿ ನಿಂತಿತು.

"ಅವರು ನಿನ್ನ ಒಳಗೆ ಕರೆಯಲ್ಲ" ಎಂದರು.

"ಹೊರಗೇ ಕೂರ್ತೀನಿ."

ಅಪ್ಪ ಉಂಡು ಎದ್ದರು.

ರೈಲಿನಲ್ಲಿ ಹೋದೆವು. ತಂಗಿ ಚಿಕ್ಕಮ್ಮನ ತೊಡೆಯ ಮೇಲೆ ನಿದ್ದೆ ಮಾಡಿದಳು. ಶಿವಮೊಗ್ಗದ ಸ್ಟೇಷನ್ನಿನಿಂದ ದುರ್ಗಿಗುಡಿಯವರೆಗೆ ಚಿಕ್ಕಮ್ಮ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡೇ ನಡೆದಳು. ದಾರಿ ನಾನು ತೋರಿಸಿದೆ. ಅಂಗಡಿಗಳ ಮುಂದೆ ಚೆಂಡುಹೂವಿನ ರಾಶಿ ಇತ್ತು, ಬೂದುಗುಂಬಳಕಾಯಿ ಸಾಲಾಗಿ ಇಟ್ಟಿದ್ದರು. ಆಯುಧಪೂಜೆ ಹತ್ತಿರ ಬಂದಿತ್ತು.

ಅಜ್ಜಿ ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದಳು. ಅಮ್ಮ ಹೋದಾಗಿನಿಂದ ಅವಳು ಹಗಲೆಲ್ಲ ಅಲ್ಲಿಯೇ ಕೂರುತ್ತಿದ್ದಳು. ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ. ಅಜ್ಜನದು ಪೇಟೆಯಲ್ಲಿ ಸಣ್ಣ ದಿನಸಿ ಅಂಗಡಿ. ಅವನೇ ಬೆಳಿಗ್ಗೆ ಅನ್ನಕ್ಕಿಟ್ಟು, ಉಪ್ಪಿನಕಾಯಿಯ ಜೊತೆ ಇಬ್ಬರಿಗೂ ಬಡಿಸಿ, ಅಂಗಡಿಗೆ ಹೋಗುತ್ತಿದ್ದ. ಅಜ್ಜಿ ನಮ್ಮಿಬ್ಬರನ್ನೂ ಹತ್ತಿರಕ್ಕೆ ಎಳೆದುಕೊಂಡಳು. ತಂಗಿಯ ತೋಳನ್ನು ಹಿಡಿದು ನೋಡಿದಳು. ಚಿಕ್ಕಮ್ಮನ ಕಡೆ ನೋಡಲಿಲ್ಲ. ಬಾ ಎನ್ನಲಿಲ್ಲ, ನೀರು ಕೊಡಲಿಲ್ಲ. ಚಿಕ್ಕಮ್ಮ ಚೀಲವನ್ನು ಕೆಳಗಿಟ್ಟು ಜಗಲಿಯ ತುದಿಯಲ್ಲಿ ಕೂತಳು. ಬೀದಿಯಲ್ಲಿ ಹೋಗುವವರು ನೋಡಿಕೊಂಡು ಹೋದರು. ಬಿಸಿಲು ಜಗಲಿಯಿಂದ ಇಳಿದು ಬೀದಿಗೆ ಹೋಯಿತು.

ಕೊನೆಗೆ ಚಿಕ್ಕಮ್ಮನೇ ಮಾತಾಡಿದಳು. ಅವಳು ಅಷ್ಟು ಉದ್ದದ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ನಿಮ್ಮ ಮಗಳ ಜಾಗಕ್ಕೆ ಬಂದಿದೀನಿ. ಬಂದಿಲ್ಲ ಅಂತ ಸುಳ್ಳು ಹೇಳಲ್ಲ. ಈ ಮಗು ಉಣ್ತಾ ಇಲ್ಲ. ನನ್ನ ಕೈ ಅಡುಗೆ ಅವಳಿಗೆ ಸೇರ್ತಿಲ್ಲ. ಅಕ್ಕನ ಕೈ ನಿಮ್ಮ ಕೈಯಿಂದ ಬಂದಿದ್ದು. ಅದನ್ನ ನಂಗೆ ಕಲ್ಸಿ, ಹೋಗ್ತೀನಿ."

ಅಜ್ಜಿ ತನ್ನ ಎರಡೂ ಕೈಗಳನ್ನು ಮಡಿಲಿನಿಂದ ಎತ್ತಿ ನೋಡಿಕೊಂಡಳು. ಬೇರೆ ಯಾರದೋ ವಸ್ತುವನ್ನು ನೋಡುವಂತೆ ನೋಡಿ, ನನ್ನ ಕಡೆ ತಿರುಗಿ, "ನನ್ನ ಕೈ ಸತ್ತೋಗಿದೆ ಅಂತ ಹೇಳು ಅವಳಿಗೆ" ಎಂದಳು.

"ಕೈ ಬೇಡ" ಎಂದಳು ಚಿಕ್ಕಮ್ಮ. "ಬಾಯಲ್ಲಿ ಹೇಳಿ. ಕೈ ನಂದಿದೆ."

ಸಂಜೆ ಅಜ್ಜ ಅಂಗಡಿ ಮುಚ್ಚಿ ಬಂದವನು ಜಗಲಿಯ ಎರಡು ತುದಿಯಲ್ಲಿ ಕೂತಿದ್ದ ಇಬ್ಬರನ್ನೂ ನೋಡಿ, ಚೀಲವನ್ನು ಎತ್ತಿಕೊಂಡು ಒಳಗೆ ಇಟ್ಟ. ಚಿಕ್ಕಮ್ಮ ಎದ್ದು ಅವನ ಹಿಂದೆ ಹೋದಳು. ಅಡುಗೆಮನೆಯಲ್ಲಿ ಧೂಳು, ಜೇಡರ ಬಲೆ. ಸೆರಗು ಬಿಗಿದು ಗುಡಿಸತೊಡಗಿದಳು.

ಮಾರನೆಯ ಬೆಳಿಗ್ಗೆ ಅಜ್ಜಿ ಜಗಲಿಯಿಂದಲೇ ನನ್ನನ್ನು ಕರೆದು, ಕಟ್ಟಿನ ಸಾರಿಗೆ ಬೇಳೆ ಬೇಯಿಸುವಾಗ ನೀರು ಜಾಸ್ತಿ ಇಡಬೇಕಂತೆ ಎಂದು ಹೇಳು ಎಂದಳು. ನಾನು ಒಳಗೆ ಓಡಿ ಹೇಳಿದೆ. ಚಿಕ್ಕಮ್ಮ ಒಲೆಯ ಮುಂದಿನಿಂದಲೇ, ಕೇಳಿಸಿತು ಎಂದು ಹೇಳು ಎಂದಳು. ನಡುವೆ ಇದ್ದದ್ದು ಒಂದು ಗೋಡೆ. ಇಬ್ಬರ ಮಾತೂ ಇಬ್ಬರಿಗೂ ಕೇಳುತ್ತಿತ್ತು. ಆದರೂ ದಿನಗಟ್ಟಲೆ ಮಾತು ನನ್ನ ಮೂಲಕವೇ ಹೋಗಿ ಬಂತು. ರವೆಯನ್ನು ತುಪ್ಪದಲ್ಲಿ ಹುರಿಯಲಿ. ಕೊಬ್ಬರಿ ಬಿಸಿಯಾದರೆ ಸಾಕು, ಕೆಂಪಾಗಬಾರದು. ಹೂರಣಕ್ಕೆ ಬೆಲ್ಲ ಹಾಕಿದ ಮೇಲೆ ಕೈ ಬಿಡಬಾರದು. ಎಣ್ಣೆಗಾಯಿಗೆ ಹುಚ್ಚೆಳ್ಳು ಮರೆಯಬಾರದು. ಅಂಬೊಡೆಗೆ ರುಬ್ಬುವಾಗ ನೀರು ಮುಟ್ಟಿಸಬಾರದು. ಕೆಲವೊಮ್ಮೆ ಹೇಳುವುದಕ್ಕೆ ಮೊದಲೇ ಒಳಗಿನಿಂದ ಪರಿಮಳ ಬರುತ್ತಿತ್ತು. ಅಜ್ಜಿ ಮೂಗು ಎತ್ತಿ, "ಉರಿ ಕಮ್ಮಿ ಮಾಡ್ಲಿ" ಎನ್ನುತ್ತಿದ್ದಳು. ಪೇಟೆಯಿಂದ ಊಟಕ್ಕೆ ಬಂದ ಅಜ್ಜ ತಟ್ಟೆಯ ಮುಂದೆ ಕೂತು ಸಾರಿನ ಮೊದಲ ತುತ್ತು ಬಾಯಿಗಿಟ್ಟು, ತಲೆ ತಗ್ಗಿಸಿಕೊಂಡು, ತುಂಬ ನಿಧಾನವಾಗಿ ಅಗಿದ.

ಕರ್ಜಿಕಾಯಿಯ ದಿನ ಮಾತ್ರ ಬಾಯಿಮಾತು ಸಾಲಲಿಲ್ಲ. ಹೆಬ್ಬೆರಳಲ್ಲಿ ಒತ್ತಿ, ಒಳಗೆ ಮಡಿಸಿ, ಮಡಿಸಿದ್ದರ ಮೇಲೆ ಮತ್ತೆ ಒತ್ತಬೇಕು ಎಂದು ಅಜ್ಜಿ ಹೇಳಿದಳು. ನಾನು ಹೇಳಿದೆ. ಚಿಕ್ಕಮ್ಮ ಹಾಗೇ ಮಾಡಿದಳು. ಎಣ್ಣೆಗೆ ಬಿಟ್ಟ ಕೂಡಲೇ ಅಂಚು ಬಾಯಿ ಬಿಟ್ಟಿತು, ಒಳಗಿನ ರವೆ ಸಕ್ಕರೆ ಎಣ್ಣೆಯಲ್ಲೆಲ್ಲ ಹರಡಿ ಸೀಯತೊಡಗಿತು. ಎಣ್ಣೆ ಸೋಸಿ ಇನ್ನೊಂದು ಬಿಟ್ಟಳು. ಅದೂ ಹಾಗೆ. ಅವಳು ಸೆರಗಿನಿಂದ ಹಣೆ ಒರೆಸಿಕೊಂಡು ಮೂರನೆಯದನ್ನು ಕೈಗೆತ್ತಿಕೊಂಡಳು. ಆಗ ಬಾಗಿಲಲ್ಲಿ ನೆರಳು ಬಿತ್ತು.

"ಅಯ್ಯೋ ಮಾರಾಯ್ತಿ, ಹಂಗಲ್ಲ" ಎಂದಳು ಅಜ್ಜಿ.

ಅವಳು ಚಿಕ್ಕಮ್ಮನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಬಂದು ನೆಲದ ಮೇಲೆ ಕೂತಳು. ಚಿಕ್ಕಮ್ಮನ ಕೈಯಿಂದ ಕರ್ಜಿಕಾಯಿ ತೆಗೆದುಕೊಂಡಳು. ಮೊದಲ ಮಡಿಕೆ ಓರೆಯಾಯಿತು. ಎರಡನೆಯದು ಸರಿಯಾಗಿ ಬಿತ್ತು. ಆಮೇಲೆ ಬೆರಳುಗಳು ತಮ್ಮಷ್ಟಕ್ಕೆ ಹೋದವು. ಒಂದು ಮುಗಿಸಿ ಇನ್ನೊಂದು ತೆಗೆದುಕೊಂಡಳು. ಅವಳ ಮುಖದಲ್ಲಿ ದುಃಖವಾಗಲಿ ಸಮಾಧಾನವಾಗಲಿ ಇರಲಿಲ್ಲ. ಚಿಕ್ಕಮ್ಮ ಪಕ್ಕಕ್ಕೆ ಸರಿದು ಕೂತು, ಕಣ್ಣು ಕೀಳದೆ ನೋಡುತ್ತ, ತನ್ನ ಕೈಯಲ್ಲೂ ಒಂದನ್ನು ಹಿಡಿದು ಮಡಿಸುತ್ತ ಹೋದಳು. ಕಣಕದ ಬಹುಭಾಗ ಮುಗಿಯಿತು. ಮೊರದ ತುಂಬ ಸಾಲಾಗಿ ಕರ್ಜಿಕಾಯಿ. ಯಾವುದು ಯಾರದು ಎಂದು ಕೊನೆಕೊನೆಗೆ ನನಗೆ ಗೊತ್ತಾಗಲಿಲ್ಲ.

"ಅವಳಿಗೂ ಮೊದಮೊದ್ಲು ಬರ್ತಿರ್ಲಿಲ್ಲ" ಎಂದಳು ಅಜ್ಜಿ, ಕೈ ತೊಳೆಯಲು ಏಳುತ್ತ.

ಕರಿದ ಮೊದಲನೆಯದನ್ನು ಆರಿಸಿ ಚಿಕ್ಕಮ್ಮ ತಂಗಿಯ ಕೈಗೆ ಕೊಟ್ಟಳು. ತಂಗಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅಂಚಿನ ಮೇಲೆ ಬೆರಳು ಆಡಿಸಿದಳು. ತಿನ್ನಲಿಲ್ಲ. ಯಾಕೆ ಎಂದು ಕೇಳಿದಾಗ, "ಇದು ಅಮ್ಮಂದು. ತಿಂದ್ರೆ ಖಾಲಿ ಆಗುತ್ತೆ" ಎಂದಳು.

ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಚಿಕ್ಕಮ್ಮ ತಂಗಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಸರಿ ಬಿಡು, ಇಟ್ಟುಕೋ ಎಂದಳು. ಎಣ್ಣೆ ಇನ್ನೂ ಬಿಸಿಯಿತ್ತು. ಲಟ್ಟಿಸಿ ಉಳಿದಿದ್ದ ಕಣಕದ ಚೂರುಗಳನ್ನೆಲ್ಲ ಒಟ್ಟು ಮಾಡಿ, ಅಡ್ಡಾದಿಡ್ಡಿ ಹರಿದು, ಎಣ್ಣೆಗೆ ಹಾಕಿದಳು. ಚೂರು ಬೆಲ್ಲ ಕರಗಿಸಿ ಅದರಲ್ಲಿ ಹೊರಳಿಸಿ, ತಟ್ಟೆಯಲ್ಲಿಟ್ಟುಕೊಂಡು ಒಂದು ಮಂಡಿ ಎತ್ತಿ ಕೂತಳು. ಮಾವನ ಮನೆಯಲ್ಲಿ ಹಬ್ಬದ ಅಡುಗೆಯೆಲ್ಲ ಮುಗಿದ ಮೇಲೆ ಅವಳು ತನಗೆಂದು ಮಾಡಿಕೊಳ್ಳುತ್ತಿದ್ದದ್ದು ಅಷ್ಟೇ ಅಂತೆ. ತಂಗಿ ಹತ್ತಿರ ಹೋಗಿ, ಇದು ಏನು ಎಂದು ಕೇಳಿದಳು.

"ಇದಕ್ಕೆ ಹೆಸರಿಲ್ಲ. ಮಿಕ್ಕಿದ್ದು."

"ಯಾರದು?"

"ಯಾರದೂ ಅಲ್ಲ."

ತಂಗಿ ಒಂದು ಚೂರು ಎತ್ತಿಕೊಂಡು ಬಾಯಿಗೆ ಹಾಕಿದಳು. ಅಗಿದಳು. ಇನ್ನೊಂದು ತೆಗೆದುಕೊಂಡಳು. ಚಿಕ್ಕಮ್ಮ ತಟ್ಟೆಯನ್ನು ಅವಳ ಕಡೆ ಸರಿಸಿ, ಏನೂ ಆಗಲಿಲ್ಲವೆಂಬಂತೆ ಒಲೆಯ ಬೂದಿ ತೆಗೆಯತೊಡಗಿದಳು. ಆ ರಜದಲ್ಲಿ ಚಿಕ್ಕಮ್ಮ ಕಲಿತ ಅಡುಗೆಗಳಲ್ಲಿ ಒಂದೂ ತಂಗಿಯ ಬಾಯಿ ತೆರೆಸಲಿಲ್ಲ. ಆದರೆ ಜಗಲಿಯಲ್ಲಿ ಕೂರುತ್ತಿದ್ದ ಅಜ್ಜಿ ಅಂದಿನಿಂದ ಬೆಳಿಗ್ಗೆ ಎದ್ದು ಅಡುಗೆಮನೆಗೆ ಹೋಗತೊಡಗಿದಳು. ಅಜ್ಜ ಅನ್ನಕ್ಕಿಡುವುದು ನಿಂತಿತು. ನಾವು ಹೊರಡುವ ದಿನ ಅಜ್ಜಿ ಚಿಕ್ಕಮ್ಮನಿಗೆ ಅರಿಶಿನ ಕುಂಕುಮ ಕೊಟ್ಟಳು, ಮಡಿಲಿಗೆ ತೆಂಗಿನಕಾಯಿ ಹಾಕಿದಳು. ದೀಪಾವಳಿಗೆ ನೀವು ಬರಬೇಕು ಎಂದು ಚಿಕ್ಕಮ್ಮ ಕೇಳಿದಳು. ಅಜ್ಜಿ ಬರುತ್ತೇನೆ ಎನ್ನಲಿಲ್ಲ.

ಬಂದಳು. ಅಮಾವಾಸ್ಯೆಯ ಬೆಳಿಗ್ಗೆ ಅಜ್ಜನ ಜೊತೆ ರೈಲಿಳಿದು ಬಂದು, ನಮ್ಮ ಮನೆಯ ಮೆಟ್ಟಿಲ ಮುಂದೆ ನಿಂತಳು. ಚಿಕ್ಕಮ್ಮ ಚೊಂಬಿನಲ್ಲಿ ನೀರು ತಂದು ಅವಳ ಕಾಲಿಗೆ ಹಾಕಿದಳು. ಅಜ್ಜಿ ಹತ್ತಿದಳು.

ನಮ್ಮಲ್ಲಿ ದೀಪಾವಳಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಪದ್ಧತಿ. ಅಮ್ಮನ ವರ್ಷವೂ ಆಗಷ್ಟೇ ಮುಗಿದಿತ್ತು. ಚಿಕ್ಕಮ್ಮ ಅಪ್ಪನನ್ನು ಕೇಳಿ ಮೊದಲ ಸಲ ಅಮ್ಮನ ಟ್ರಂಕು ತೆಗೆಸಿದಳು. ಅಮ್ಮನ ಒಂದು ಸೀರೆಯನ್ನು ಮಣೆಯ ಮೇಲಿಟ್ಟು, ಹೂವಿಟ್ಟು, ಬಾಳೆಎಲೆಯಲ್ಲಿ ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ, ಅಂಬೊಡೆ, ಜಡೆ ಅಂಚಿನ ಕರ್ಜಿಕಾಯಿ, ಎಲ್ಲವನ್ನೂ ಅಜ್ಜಿ ಹೇಳಿಕೊಟ್ಟ ಕ್ರಮದಲ್ಲೇ ಬಡಿಸಿದಳು. ಸವತಿಗೆ ಇಷ್ಟೊಂದು ಮಾಡುತ್ತೀಯಲ್ಲ ಎಂದು ಬಂದಿದ್ದ ನೆಂಟರ ಹೆಂಗಸೊಬ್ಬಳು ಕೊಂಕಾಗಿ ಕೇಳಿದಳು. ಚಿಕ್ಕಮ್ಮ ಬಡಿಸುವುದನ್ನು ನಿಲ್ಲಿಸಲಿಲ್ಲ.

"ಅವರ ಒಲೇಲಿ ಉಣ್ತಾ ಇದೀನಿ. ಅವರು ಹೆತ್ತ ಮಕ್ಕಳು ನಂಗೆ ನೀರು ತಂದು ಕೊಡ್ತಾರೆ. ನಂಗೆ ಮನೆ ಅಂತ ಆಗಿದ್ದು ಅವರು ಎದ್ದು ಹೋಗಿದ್ದಕ್ಕೆ ತಾನೆ. ಒಂದು ಎಲೆ ಹಾಕೋದು ಏನು ದೊಡ್ಡದು."

ಅಪ್ಪ ಅಲ್ಲೇ ನಿಂತಿದ್ದರು. ಪೂಜೆ ಮುಗಿದು ಊಟಕ್ಕೆ ಕೂತಾಗ ಕರ್ಜಿಕಾಯಿಯನ್ನು ಮುರಿಯದೆ ಪೂರ್ತಿ ತಿಂದರು. ಆಮೇಲೆ ಎದ್ದು, ಸೈರನ್ನು ಕೂಗಲು ಇನ್ನೂ ಹೊತ್ತಿದ್ದರೂ, ಚಪ್ಪಲಿ ಮೆಟ್ಟಿಕೊಂಡು ಹೋದರು. ಮರುದಿನ ಚಿಕ್ಕಮ್ಮ ಅಟ್ಟದ ಡಬ್ಬಿ ಇಳಿಸಿ, ನಮ್ಮಿಬ್ಬರನ್ನೂ ಅಜ್ಜಿಯನ್ನೂ ಕರೆದುಕೊಂಡು ಭದ್ರೆಗೆ ಹೋದಳು. ಹಳೆಯ ಕರ್ಜಿಕಾಯಿಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟೆವು. ಕೆಲವು ಮುಳುಗಿದವು, ಕೆಲವನ್ನು ಮೀನುಗಳು ಮುತ್ತಿದವು. ಡಬ್ಬಿಯನ್ನು ಮರಳು ಹಾಕಿ ತಿಕ್ಕಿ ತೊಳೆದು ಬಿಸಿಲಿಗೆ ಬೋರಲು ಹಾಕಿದಳು. ಮನೆಗೆ ತಂದು ಅದರಲ್ಲಿ ಅಕ್ಕಿ ಹಿಟ್ಟು ತುಂಬಿದಳು.

ಆಮೇಲಿನ ವರ್ಷಗಳಲ್ಲಿ ಹೇಳುವಂಥದ್ದು ಹೆಚ್ಚೇನೂ ನಡೆಯಲಿಲ್ಲ. ತಂಗಿ ನಿಧಾನವಾಗಿ ಎಲ್ಲವನ್ನೂ ತಿನ್ನತೊಡಗಿದಳು. ಆದರೂ ಹಬ್ಬ ಬಂದರೆ ಅವಳು ಮೊದಲು ಕೇಳುತ್ತಿದ್ದದ್ದು ಮಿಕ್ಕಿದ್ದನ್ನೇ. ಅದು ನಮ್ಮ ಮನೆಯಲ್ಲಿ ಒಂದು ತಿಂಡಿಯ ಹೆಸರಾಗಿಹೋಯಿತು. ಅವಳಿಗಾಗಿ ಚಿಕ್ಕಮ್ಮ ಬೇಕೆಂದೇ ಕಣಕ ಜಾಸ್ತಿ ಕಲಸುತ್ತಿದ್ದಳು. ಚಿಕ್ಕಮ್ಮನಿಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಅವಳು ಏನಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಯಾರ ಮನೆಯಲ್ಲಾದರೂ ಉಂಡು ಬಂದು ನಾವು ಸಾರು ಸಪ್ಪೆ, ಪಲ್ಯ ಖಾರ ಎಂದರೆ, ಉಂಡ ಮನೆಯ ಜಂತೆ ಎಣಿಸಬಾರದು ಎಂದು ತಡೆಯುತ್ತಿದ್ದಳು. ಪಕ್ಕದ ಮಾಮಿಗೆ ಹಬ್ಬಹಬ್ಬಕ್ಕೂ ಮೊದಲ ತಟ್ಟೆ ಹೋಗುತ್ತಿತ್ತು. ಅಮ್ಮ ಹೋದಾಗ ಅವರು ಊಟ ತಂದುಕೊಟ್ಟಿದ್ದನ್ನು ನಾನೇ ಒಂದು ದಿನ ಅವಳಿಗೆ ಹೇಳಿದ್ದೆ. ತಾನು ಆಗ ಈ ಮನೆಯವಳಲ್ಲದಿದ್ದರೂ ಅವಳು ಅದನ್ನು ಮರೆಯಲಿಲ್ಲ.

ಅರವತ್ತರ ದಶಕದ ಮೊದಲಲ್ಲಿ ನನ್ನನ್ನು ನೋಡಲು ಗಂಡಿನ ಕಡೆಯವರು ಶಿವಮೊಗ್ಗದಿಂದ ಬಂದಾಗ, ಮಲತಾಯಿ ಬೆಳೆಸಿದ ಹುಡುಗಿ, ಅಡುಗೆ ಗಿಡುಗೆ ಬರುತ್ತದೆಯೇ ಎಂದು ಒಬ್ಬರು ಕೇಳಿದರು. ಚಿಕ್ಕಮ್ಮ, ಅವಳಿಗೆ ಅವಳ ಅಮ್ಮನ ಅಡುಗೆ ಪೂರ್ತಿ ಬರುತ್ತದೆ ಎಂದಳು. ಅದು ನಿಜವಾಗಿತ್ತು. ಅಮ್ಮ ಹೋದಾಗ ನನಗೆ ಒಲೆ ಹಚ್ಚಲೂ ಬರುತ್ತಿರಲಿಲ್ಲ. ಅವಳ ಒಂದೊಂದು ಅಡುಗೆಯೂ ನನ್ನ ಕೈಗೆ ಬಂದದ್ದು ಅಮ್ಮನನ್ನು ಒಮ್ಮೆಯೂ ಕಾಣದ ಈ ಹೆಂಗಸಿನಿಂದ. ನನ್ನ ಗಂಡನ ಮನೆಯಲ್ಲಿ ಕಟ್ಟಿನ ಸಾರು ಚೆನ್ನಾಗಿದೆ ಎಂದವರಿಗೆ, ನಮ್ಮಮ್ಮನದು ಎಂದೇ ಹೇಳುತ್ತಿದ್ದೆ. ನಾನು ಹಾಗೇ ಹೇಳಲಿ ಎಂದೇ ಚಿಕ್ಕಮ್ಮನೂ ಬಯಸಿದ್ದಳು.

ಚಿಕ್ಕಮ್ಮನಿಗೆ ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು. ಹೇಳಿಕೊಳ್ಳದೆ ಬಹಳ ದಿನ ಇಟ್ಟುಕೊಂಡಿದ್ದಳು. ಗೊತ್ತಾಗುವ ಹೊತ್ತಿಗೆ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಅರವತ್ತರ ದಶಕದ ಕೊನೆಯ ಭಾಗ, ದಸರೆ ಮುಗಿದು ದೀಪಾವಳಿ ಇನ್ನೂ ಬಾರದ ದಿನಗಳು. ತೀರಿಕೊಂಡ ಸುದ್ದಿ ತಿಳಿದು ನಾನು ಶಿವಮೊಗ್ಗದಿಂದ ಹೋಗುವಷ್ಟರಲ್ಲಿ ಅವಳನ್ನು ನಡುಮನೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ ಹಚ್ಚಿದ್ದರು. ತಂಗಿ ಅವಳ ಕೈ ಹಿಡಿದುಕೊಂಡು ಕೂತಿದ್ದಳು. ಅಪ್ಪ ಹಿತ್ತಲ ಬಾಗಿಲಲ್ಲಿ ನಿಂತು ಹೊರಗೆ ನೋಡುತ್ತಿದ್ದರು. ನಾನು ಚಿಕ್ಕಮ್ಮನ ಕಾಲ ಹತ್ತಿರ ಕೂತೆ. ಎದೆಯಲ್ಲಿ ಏನಾದರೂ ಆಗುತ್ತದೆಯೇ ಎಂದು ಕಾದೆ. ಆಗಲಿಲ್ಲ. ನೆಲ ತಣ್ಣಗಿದೆ ಎಂದು ಮಾತ್ರ ಗೊತ್ತಾಯಿತು.

ಮುತ್ತೈದೆಯಾಗಿ ಸತ್ತವಳಿಗೆ ತವರಿನಿಂದ ಒಂದು ಸೀರೆ ಬರಬೇಕು, ಕೊನೆಗೆ ಅದನ್ನು ಹೊದಿಸಿ ಕಳಿಸಬೇಕು. ಹಿರಿಯರೊಬ್ಬರು ಬಾಗಿಲಲ್ಲಿ ನಿಂತು, ತವರಿನವರು ಯಾರು ಬಂದಿದ್ದೀರಿ ಎಂದು ಕೇಳಿದರು. ಮಾವ ಎಂದೋ ಸತ್ತಿದ್ದ. ಅವನ ಮಕ್ಕಳಿಗೆ ಹೇಳಿ ಕಳಿಸಿದ್ದರೂ ಯಾರೂ ಬಂದಿರಲಿಲ್ಲ. ಹಿರಿಯರು ಮತ್ತೊಮ್ಮೆ ಕೇಳಿ, ಹಾಗಾದರೆ ಮನೆಯದೇ ಒಂದು ಸೀರೆ ತನ್ನಿ ಎಂದರು.

ಅಜ್ಜ ಅಜ್ಜಿ ಆಗ ಬಸ್ಸಿಳಿದು ಬಂದರು. ಅಜ್ಜಿಗೆ ವಯಸ್ಸಾಗಿತ್ತು, ಮೆಟ್ಟಿಲು ಹತ್ತಲು ಅಜ್ಜನ ಭುಜ ಹಿಡಿದಿದ್ದಳು. ಕಂಕುಳಲ್ಲಿ ಕಾಗದದಲ್ಲಿ ಸುತ್ತಿದ ಗಂಟಿತ್ತು. ಒಳಗೆ ಬಂದು ಅದನ್ನು ಬಿಚ್ಚಿದಳು. ಹಸಿರು ಇಳಕಲ್ ಸೀರೆ, ಹೊಸದು.

"ತವರಿಂದು ನಾನು ತಂದಿದೀನಿ" ಎಂದಳು.

ಹಿರಿಯರು ಸ್ವಲ್ಪ ತಡವರಿಸಿ, ನೀವು ಮೊದಲನೆಯವಳ ತಾಯಿಯಲ್ಲವೇ ಎಂದರು.

"ಇವಳಿಗೂ ನಾನೇ. ಸರೀರಿ."

ಅವರು ಸರಿದರು. ಅಜ್ಜಿ ಚಿಕ್ಕಮ್ಮನ ಪಕ್ಕದಲ್ಲಿ ಕೂತು ಸೀರೆಯನ್ನು ಹೆಗಲಿನಿಂದ ಹೊದಿಸಿದಳು. ಹೊಸ ಸೀರೆ, ಗಂಜಿ ಬಿಟ್ಟಿರಲಿಲ್ಲ. ಮಡಿಕೆಯ ಗೆರೆಗಳು ಎದೆಯ ಮೇಲೆ ಎದ್ದು ನಿಂತಿದ್ದವು. ಅಜ್ಜಿ ಅವುಗಳನ್ನು ಅಂಗೈಯಿಂದ ಒತ್ತಿ ಒತ್ತಿ ಸರಿಮಾಡತೊಡಗಿದಳು. ಒಂದು ಕಡೆ ಕೂತರೆ ಇನ್ನೊಂದು ಕಡೆ ಏಳುತ್ತಿತ್ತು. ಹೊರಗೆ ಕಾಯುತ್ತಿದ್ದವರು ಹೊತ್ತಾಯಿತು ಎಂದು ಹೇಳಿ ಕಳಿಸಿದರು. ಅಜ್ಜಿ ತಲೆ ಎತ್ತಲಿಲ್ಲ. ನಾನು ಎದ್ದು ಹೋಗಿ ಅವಳ ಎದುರಿಗೆ ಕೂತು, ಸೀರೆಯ ಇನ್ನೊಂದು ತುದಿಯನ್ನು ಹಿಡಿದುಕೊಂಡೆ.